ಅರವತ್ತೆರಡನೇ ಪುಟ

"ನೀವು ಬರೆದ ಹಾಗೇ ಮಾಡ್ದೆ ಕಣಮ್ಮ. ತಕ್ಕಡಿ ಸೊನ್ನೆ ಬಿಟ್ಟು ಬೇರೇನೂ ತೋರಿಸ್ತಿಲ್ಲ" ಎಂದಿತು ಫೋನಿನಲ್ಲಿ ಒಂದು ಮುದಿ ದನಿ.

ಯಂತ್ರವನ್ನು ಕಂಪ್ಯೂಟರಿಗೆ ಬೆಸೆಯುವ 'ಡ್ರೈವರ್' ತಂತ್ರಾಂಶದ ಕೈಪಿಡಿ ನೋಡಿಕೊಳ್ಳುವವಳು ಪುಟ ತೆರೆದಳು. ಫೋನ್ ಮಾಡಿದಾತ ತೂಕದ ಯಂತ್ರಗಳ ಮೆಕ್ಯಾನಿಕ್; ಮಕ್ಕಳ ಆಸ್ಪತ್ರೆಯೊಂದರ ತಕ್ಕಡಿಗಳನ್ನು ಕಂಪ್ಯೂಟರಿಗೆ ಜೋಡಿಸುತ್ತಿದ್ದ. ಹೊಸ ಆವೃತ್ತಿಯಲ್ಲಿ ಎಂಜಿನಿಯರುಗಳು ಯಂತ್ರಕ್ಕೆ ಕೊಡುವ ಆಜ್ಞೆಗಳನ್ನೇ ಬದಲಿಸಿದ್ದರು. ಕೈಪಿಡಿಯವಳಿಗೆ ಹೇಳುವುದನ್ನು ಮರೆತಿದ್ದರು.

"ತಪ್ಪು ನಮ್ಮದೇ. ಈಗಲೇ ತಿದ್ತೀನಿ."

"ನಿಧಾನ ಕಣಮ್ಮ. ತಕ್ಕಡಿಗೇನು ಹಸಿವೇ? ಕಾಯುತ್ತೆ."

ಅವಳಿಗೆ ನಗು ಬಂತು. ಬೆಳಗ್ಗೆ ಮಗಳನ್ನು ಶಾಲೆಗೆ ಬಿಟ್ಟರೆ ಸಂಜೆಯವರೆಗೆ ಬಾಯಿ ತೆರೆಯುವ ಪ್ರಸಂಗವೇ ಇರುತ್ತಿರಲಿಲ್ಲ. ಆಫೀಸಿನಲ್ಲಿ ಆರು ಜನ ಕೂರುತ್ತಿದ್ದ ಕೋಣೆಯಲ್ಲಿ ಈಗ ಅವಳೊಬ್ಬಳೇ. ಅಂದಿನಿಂದ ವಾರಕ್ಕೆರಡು ಸಲ ಆತನ ಫೋನ್ ಬರತೊಡಗಿತು. ಪುಟ ಮುಂದೆ ಹೋದಂತೆ ಒಂದೊಂದು ತಪ್ಪು. ಅದರ ಬೆನ್ನಿಗೇ ಮಂಡಿನೋವು, ಸೊಸೆಯ ಬಾಯಿ, ಪಕ್ಕದ ಮನೆಯ ನಾಯಿ.

ಐದನೇ ಸಲಕ್ಕೆ ಅವಳಿಗೇ ನಾಚಿಕೆಯಾಯಿತು. "ಪೂರ್ತಿ ಪುಸ್ತಕ ತಾಳೆ ನೋಡ್ತೀನಿ ಯಜಮಾನ್ರೇ. ಬುಧವಾರದ ಮೇಲೆ ಒಂದು ತಪ್ಪೂ ಇರಲ್ಲ" ಎಂದು ಮಾತು ಕೊಟ್ಟಳು. ಎರಡು ದಿನ ಕೂತಲ್ಲೇ ಕೂತು ಹದಿಮೂರು ಪುಟ ತಿದ್ದಿದಳು. ಉಳಿದದ್ದು ಅರವತ್ತೆರಡನೆಯದು. ಒಂದು ಸಾಲು ಸೇರಿಸಿದರೆ ಮುಗಿಯಿತು, ಆತನ ಫೋನೂ ಮುಗಿಯಿತು. ಆತ ಗುರುವಾರ ಈ ಪುಟಕ್ಕೆ ಬರುತ್ತಾನೆ ಎಂದು ಲೆಕ್ಕ ಹಾಕಿದಳು. ಫೋನ್ ಬಂದ ತಕ್ಷಣ ತಿದ್ದಿದರಾಯಿತು, ಯಾರಪ್ಪನ ಗಂಟು ಹೋಗುತ್ತದೆ? ಸಾಲು ಸೇರಿಸದೆ ಮುಚ್ಚಿದಳು.

ಗುರುವಾರ ಫೋನ್ ಬರಲಿಲ್ಲ. ಶುಕ್ರವಾರವೂ ಇಲ್ಲ. ಮುಂದಿನ ಬುಧವಾರ ತಡೆಯಲಾರದೆ ಅವಳೇ ಮಾಡಿದಳು.

"ಆ ಕೆಲಸ ಬಿಟ್ಟೆ ಕಣಮ್ಮ. ಅರವತ್ತೆರಡನೇ ಪುಟದಲ್ಲಿ ಸಿಕ್ಕಿಹಾಕ್ಕೊಂಡೆ. ನಾಲ್ಕು ದಿನ ಬಿಚ್ಚಿದ್ದೇ ಬಿಚ್ಚಿದ್ದು, ಜೋಡಿಸಿದ್ದೇ ಜೋಡಿಸಿದ್ದು."

"ನನಗ್ಯಾಕೆ ಫೋನ್ ಮಾಡ್ಲಿಲ್ಲ?"

"ಏನಂತ ಮಾಡ್ಲಿ? ಪುಸ್ತಕದಲ್ಲಿ ಒಂದು ತಪ್ಪೂ ಇರಲ್ಲ ಅಂದಿದ್ರಿ. ಅಂದ ಮೇಲೆ ತಪ್ಪು ನಂದೇ ತಾನೇ? ನಲವತ್ತು ವರ್ಷ ದುಡಿದ ಕೈ, ಸಾಕಾಯ್ತು ಅನ್ಸುತ್ತೆ. ಆಸ್ಪತ್ರೆಯವರಿಗೆ ಹೇಳ್ಬಿಟ್ಟೆ. ನಿನ್ನೆ ಬೇರೆಯವರನ್ನ ಇಟ್ಕೊಂಡ್ರು."

ಅವಳು ಅರವತ್ತೆರಡನೇ ಪುಟ ತೆರೆದಳು. "ಯಜಮಾನ್ರೇ... ಆ ಪುಟದಲ್ಲಿ ಒಂದು ಸಾಲು ಇಲ್ಲ. ನೀವು ಮಾಡಿದ್ದೆಲ್ಲ ಸರಿಯಾಗೇ ಇತ್ತು."

ಆ ಕಡೆ ಮುದುಕ ಗಟ್ಟಿಯಾಗಿ ನಕ್ಕುಬಿಟ್ಟ. "ಕೆಲಸ ಹೋದ್ರೆ ಹಾಳಾಗ್ ಹೋಗ್ಲಿ ಬಿಡಿ! ನನ್ನ ತಲೆ ಕೆಟ್ಟಿಲ್ಲ ಅಂತ ಆಯ್ತಲ್ಲ, ಅಷ್ಟು ಸಾಕು. ನಿಮ್ಮ ಹೊಟ್ಟೆ ತಣ್ಣಗಿರ್ಲಿ ತಾಯೀ."

ಮತ್ತೆ, ಏನೋ ಹೊಳೆದವನಂತೆ ಕೇಳಿದ:

"ಅಲ್ಲಮ್ಮ, ಆ ತಪ್ಪು ನಿಮಗೆ ಯಾವಾಗ ಸಿಕ್ತು?"