ಹೇಗೆ ಹೇಳಿದಳು

“ಬರೀ ಹೇಳಿದ, ಹೇಳಿದಳು ಅಂದರೆ ಸಾಲದು ಮಾಸ್ತರೇ. ಹೇಗೆ ಹೇಳಿದಳು? ಅದನ್ನೂ ಬರೆಯಿರಿ” ಎಂದರು ಸಾಹೇಬರು.

ಮಚ್ಛೇಂದ್ರ ಮಾಸ್ತರರಿಗೆ ಒಳಗೊಳಗೇ ಖುಷಿಯಾಯಿತು. ಭಾಲ್ಕಿಯ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷದಿಂದ ಅವರು ಮಕ್ಕಳ ತಲೆಗೆ ತುಂಬುತ್ತ ಬಂದದ್ದೂ ಇದನ್ನೇ. ಇಂಗ್ಲಿಷಿನಲ್ಲಿ ‘ಹೇಳಿದ’ ಎಂದಷ್ಟೇ ಬರೆದರೆ ಉಪ್ಪಿಲ್ಲದ ಸಾರು. ಸಿಟ್ಟಿನಿಂದ ಹೇಳಿದ, ನಾಚುತ್ತ ಹೇಳಿದ, ಅಂಜುತ್ತ ಹೇಳಿದ ಎಂದು ಒಂದು ಕ್ರಿಯಾವಿಶೇಷಣ ಉದುರಿಸಿದರೆ ತಾನೇ ರುಚಿ! ಎಪ್ಪತ್ತೆರಡರ ಬರಗಾಲದಲ್ಲಿ ಬೀದರಿಗೆ ಅಧಿಕಾರಿಯಾಗಿ ಬಂದ ಈ ಸಾಹೇಬರು ಮದರಾಸಿನ ಕಡೆಯವರು. ಕನ್ನಡ ಬಾರದು, ಉರ್ದು ಮರಾಠಿಯಂತೂ ಮೊದಲೇ ಬಾರದು. ಅದಕ್ಕೇ ವಿಚಾರಣೆಯ ಹೇಳಿಕೆಗಳನ್ನು ಇಂಗ್ಲಿಷಿಗೆ ಇಳಿಸಲು ಮಾಸ್ತರರನ್ನು ಕರೆಸಿದ್ದರು.

ವಿಚಾರಣೆ ಡಾಬಕಾ ಎಂಬ ಹಳ್ಳಿಯ ಶಾಲುಬಾಯಿಯ ಬಗ್ಗೆ. ಹತ್ತೊಂಬತ್ತರ ಹುಡುಗಿ. ಕೂಲಿಯಾಳುಗಳ ಮುಕಾದಮ ಮಾಣಿಕ ಆ ಊರಿನಿಂದ ಇಪ್ಪತ್ತೊಂದು ಜನರನ್ನು ಗಡಿಯಾಚೆಯ ಕಲ್ಲುಗಣಿಗೆ ಕೂಲಿಗೆಂದು ಕರೆದೊಯ್ದಿದ್ದ. ಇಪ್ಪತ್ತು ಜನ ತಿರುಗಿ ಬಂದರು, ಈಕೆ ಬರಲಿಲ್ಲ. ಅಲ್ಲಿಗೆ ಪೊಲೀಸರನ್ನು ಕಳಿಸಿ ಹುಡುಕಿಸಬೇಕೋ ಬೇಡವೋ ಎಂಬುದು ಸಾಹೇಬರ ಒಂದು ಸಹಿಯ ಮೇಲೆ ನಿಂತಿತ್ತು.

ಮೊದಲು ಮಾಣಿಕ ಬಂದ. ಟೋಪಿ ತೆಗೆದು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತ. “ನನ್ನ ಮಗಳಿದ್ದಂಗ ಇದ್ದಳ್ರಿ ಸಾಹೇಬ್. ಒಂದಿನ ಮುಂಜಾನಿ ನೋಡ್ತೇನಿ, ಗುಡಸಲದಾಗ ಇಲ್ಲೇ ಇಲ್ರಿ. ಯಾರ ಹಿಂದ ಹ್ವಾದಳೋ ಏನೋ!” ‘ದುಃಖ ತಾಳಲಾರದೆ ಹೇಳಿದ’ ಎಂದು ಮಾಸ್ತರರು ಬರೆದರು.

ಆಮೇಲೆ ತಾಯಿ ಅಂಜನಾಬಾಯಿ ಬಂದು ಸೆರಗು ಸರಿಮಾಡಿಕೊಂಡು ನಿಂತಳು. “ನನ್ನ ಮಗಳು ಓಡಿ ಹೋಗಾಕಿ ಅಲ್ರಿ. ಹಿಂದಿನ ದಿನ ಮುಕಾದಮನ ಕೂಡ ಜಗಳಾಡಿದ್ದಳಂತ. ಮರುದಿನ ಕಾಣಲಿಲ್ಲ. ಆಕಿ ಅರಿವಿ ಗಂಟು, ಆಕಿ ಚಪ್ಪಲ್ ಸಂಗಡ ಹ್ವಾದೋರು ತಂದು ನನ್ನ ಕೈಯಾಗ ಕೊಟ್ಟಾರ. ಬರಿಗಾಲಿಲೆ ಯಾರು ಓಡಿ ಹೋಗ್ತಾರ್ರಿ? ಹುಡುಕಿ ಕೊಡ್ರಿ.” ಸಂತೆಯಲ್ಲಿ ಜೋಳದ ದರ ಹೇಳಿದಷ್ಟೇ ನೇರವಾಗಿ ಹೇಳಿ ಮುಗಿಸಿದಳು. ಕಣ್ಣು ಒಣಗಿದ್ದವು. ಮಾಸ್ತರರು ಪೆನ್ನು ಎತ್ತಿ ಒಂದು ಗಳಿಗೆ ಯೋಚಿಸಿ ‘ಶಾಂತವಾಗಿ ಹೇಳಿದಳು’ ಎಂದು ಬರೆದರು. ಪದ ಚೆನ್ನಾಗಿ ಕೂತಿತು ಅನ್ನಿಸಿತು.

ಸಾಹೇಬರು ಎರಡೂ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದಿದರು. “ನೋಡಿ, ಹೊರಗಿನವನು ಅಳುತ್ತಾನೆ. ಹೆತ್ತವಳು ಶಾಂತವಾಗಿದ್ದಾಳೆ. ಮಗಳು ಎಲ್ಲಿದ್ದಾಳೆಂದು ಈಕೆಗೆ ಗೊತ್ತಿದೆ ಮಾಸ್ತರೇ. ಹುಡುಗಿ ತಾನಾಗಿಯೇ ಹೋಗಿದ್ದಾಳೆ.”

“ಆದರೆ ಸರ್, ಆ ಚಪ್ಪಲಿ...”

“ಶಾಂತವಾಗಿ ಅಂತ ನೀವೇ ಬರೆದಿದ್ದೀರಲ್ಲ!” ಎಂದು ನಕ್ಕು, ಹುಡುಕುವ ಅಗತ್ಯವಿಲ್ಲವೆಂದು ಬರೆದು ಸಹಿ ಹಾಕಿಬಿಟ್ಟರು.

ಮಾಸ್ತರರು ಹೊರಗೆ ಬಂದು, ಬಾಗಿಲ ಬಳಿ ಕಾಯುತ್ತಿದ್ದ ಅಂಜನಾಬಾಯಿಯ ಮೇಲೇ ಸಿಟ್ಟು ತೀರಿಸಿಕೊಂಡರು. “ಸಾಹೇಬ್ರ ಮುಂದ ಎರಡು ಹನಿ ಕಣ್ಣೀರು ಹಾಕಲಿಕ್ಕ ಏನಾಗಿತ್ತು ಮೌಶಿ ನಿಮಗ?”

ಅವಳು ಬೆರಗಾಗಿ ನೋಡಿದಳು. “ನೀವೂ ನಮ್ಮ ಕಡಿ ಸಂತಪುರದೋರೇ ಅಲ್ಲೇನ್ರಿ ಮಾಸ್ತರ? ಹೆಣ ಸಿಕ್ಕು ಮಣ್ಣು ಕೊಡೋ ತನಕ ಯಾರಾರ ಅಳ್ತಾರೇನ್ರಿ? ಅತ್ತರ ಸತ್ತಳು ಅಂದಂಗ. ಐದು ತಿಂಗಳಾಯ್ತು, ಒಲಿ ಹೊಗಿಗೂ ಕಣ್ಣಾಗ ನೀರು ಬರಗೊಟ್ಟಿಲ್ಲ ನಾ.”

ಕಪಾಳಕ್ಕೆ ಹೊಡೆದಂತಾಯಿತು ಮಾಸ್ತರರಿಗೆ. ತಮಗೆ ಗೊತ್ತಿಲ್ಲದ ಮಾತೇ ಇದು? ಮುಂಬಯಿಗೆ ದುಡಿಯಲು ಹೋದ ಅಣ್ಣ ತಿರುಗಿ ಬಾರದೇ ಹೋದಾಗ, ಎಲ್ಲಿ ಅಳು ಬಂದೀತೋ ಎಂದು ಅವರ ಅವ್ವ ಆರು ವರ್ಷ ಊರಿನ ಯಾರ ಸಾವಿಗೂ ಹೋಗಿರಲಿಲ್ಲ. ಅದನ್ನು ಕಂಡು ಬೆಳೆದವರು, ಇಂಗ್ಲಿಷ್ ಕಲಿತ ಮೇಲೆ ಮರೆತು ಕೂತಿದ್ದರು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ಇವರ ಪಾಲಿಗೆ ಆ ಒಕ್ಕಾಲಷ್ಟೇ ಬಂದಿತ್ತು.

ಮತ್ತೆ ಒಳಗೆ ಓಡಿದರು. “ಸರ್, ನಾನು ಹಾಕಿದ ಪದ ತಪ್ಪು. ಆಕೆ ಶಾಂತವಾಗಿ ಹೇಳಲಿಲ್ಲ.”

“ಅತ್ತಳೇನು?”

“ಇಲ್ಲ.”

“ಕೂಗಾಡಿದಳೇ?”

“ಇಲ್ಲ ಸರ್. ನಮ್ಮ ಕಡೆ ಹೆಣ ಕಾಣುವ ತನಕ ಯಾರೂ ಅಳುವುದಿಲ್ಲ. ಅತ್ತರೆ ಸತ್ತರೆಂದು ಒಪ್ಪಿಕೊಂಡ ಹಾಗೆ. ಆಕೆ...”

“ನಿಮ್ಮ ಊರಿನ ಪದ್ಧತಿಯನ್ನೆಲ್ಲ ಕಡತಕ್ಕೆ ಸೇರಿಸಲು ಆಗುತ್ತದೆಯೇ? ಹೇಗೆ ಹೇಳಿದಳು, ಒಂದು ಪದ ಕೊಡಿ. ತಿದ್ದೋಣ.”

ಮಾಸ್ತರರು ಹನ್ನೆರಡು ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದ ಅಷ್ಟೂ ಪದಗಳನ್ನು ತಡಕಾಡಿದರು. ಒಂದೂ ಒಗ್ಗಲಿಲ್ಲ. ಸಾಹೇಬರು ಆ ಕಡತದ ದಾರ ಬಿಗಿದು ಇನ್ನೊಂದನ್ನು ಎಳೆದುಕೊಂಡರು.

ಅಂಜನಾಬಾಯಿ ಔರಾದದ ಬಸ್ಸಿಗೆ ಹೊರಡಲು ಗಂಟು ಎತ್ತಿಕೊಂಡಿದ್ದಳು. “ಏನಂದ್ರು ಸಾಹೇಬ್ರು? ಯಾವಾಗ ಹುಡುಕ್ತಾರಂತ್ರಿ?”

ಈಗ ಹೇಳುವ ಸರದಿ ಮಾಸ್ತರರದು. ಮಾತು ಬರುವ ಮೊದಲೇ ಅವರ ಕಣ್ಣು ತುಂಬಿ, ನೀರು ಕೆನ್ನೆಗಿಳಿಯಿತು.

ಅಂಜನಾಬಾಯಿ ಕೆಂಡ ತುಳಿದವಳ ಹಾಗೆ ಹಿಂದೆ ಸರಿದಳು.

“ಕಣ್ಣು ಒರಸಿಕೊಳ್ರಿ ಮಾಸ್ತರ! ನನ್ನ ಮಗಳಿಗಿ ನೀವು ಮಣ್ಣು ಕೊಡಬ್ಯಾಡ್ರಿ.”