ಸಾಹುಕಾರ ಎದ್ದು ಓಡಿದ

ಚಳಿ ಹಿಂದೆ ಸರಿದಿತ್ತು. ಬಿಸಿಲು ಬಲಿಯುವ ಮೊದಲು ಕುರಿಗಳ ಮೈ ಹಗುರ ಮಾಡಬೇಕಿತ್ತು. ದೊಡ್ಡಿಯ ಬಾಗಿಲಲ್ಲಿ ಗಂಡ ಒಂದು ಕುರಿಯನ್ನು ಮೊಣಕಾಲ ನಡುವೆ ಕೆಡವಿಕೊಂಡು ಉಣ್ಣೆ ಕತ್ತರಿಸುತ್ತಿದ್ದ. ಅರ್ಧ ಮೈ ಮುಗಿಯುವುದರೊಳಗೆ ಕತ್ತರಿ ಕೈಜಾರಿ ಬಿತ್ತು. ಎತ್ತಿಕೊಂಡ. ಮತ್ತೆ ಬಿತ್ತು. ಬೆರಳಿನ ಗೆಣ್ಣುಗಳು ಕೆಂಪಗೆ ಊದಿ, ಮಡಚಲೂ ಬಾರದೆ ಚಾಚಲೂ ಬಾರದೆ ನಿಂತಿದ್ದವು.

ಉಣ್ಣೆ ಮೂಟೆ ಕಟ್ಟುತ್ತಿದ್ದ ಹೆಂಡತಿ ನೋಡಿಯೂ ನೋಡದವಳಂತಿದ್ದಳು. ಆ ಕೈ ಹೋದರೆ ಮಂದೆಯೂ ಹೋದಂತೆ; ಅದನ್ನು ಬಾಯಿಬಿಟ್ಟು ಹೇಳುವ ಅಗತ್ಯ ಇಬ್ಬರಿಗೂ ಇರಲಿಲ್ಲ.

ಅದೇ ಹೊತ್ತಿಗೆ ಅವಳ ತಮ್ಮ ಬಂದ. ಬಗಲಲ್ಲಿ ಒಂದು ಡಬ್ಬಿ. ಹಿಂದೊಮ್ಮೆ ಅವನು ನೀರು ಸೋಸುವ ಯಂತ್ರ ಮಾರುತ್ತಿದ್ದ, ಆಮೇಲೆ ಬಿತ್ತನೆ ಬೀಜ. ಅವನು ಕೊಟ್ಟ ಬೀಜ ಇನ್ನೂ ಮಣ್ಣಿನಡಿ ಹಾಯಾಗಿ ಮಲಗಿತ್ತು. ಈಗ ಪುಡಿ.

"ಭಾವ, ಇದರಲ್ಲಿ ಇಲ್ಲದ ಬೇರು-ನಾರೇ ಇಲ್ಲ. ಮೈಯೊಳಗಿನ ರೋಗ ತಡೆಯೋ ಶಕ್ತಿ ಹೆಂಗೆ ಏರುತ್ತೆ ನೋಡ್ತಿರಿ."

"ಅದು ಏರಿದ್ದಕ್ಕೇ ಈ ಗತಿ ಕಣೋ," ಎಂದಳು ಅಕ್ಕ. "ಡಾಕ್ಟರಮ್ಮ ಏನಂದ್ರು ಗೊತ್ತಾ? ಕಾವಲು ನಾಯಿ ತನ್ನ ಮಂದೆನೇ ಕಚ್ತಿದೆ, ಅದನ್ನ ಕಟ್ಟಿಹಾಕೋದೇ ಮದ್ದು ಅಂತ. ನೀನು ಅದಕ್ಕೆ ಇನ್ನಷ್ಟು ಮಾಂಸ ಹಾಕೋಕೆ ಬಂದಿದೀಯ."

"ನಿಂಗೆ ನನ್ನ ಕಂಡ್ರೆ ಮೊದಲಿಂದ್ಲೂ ಅಷ್ಟೇ ಅಕ್ಕಾ." ಅವನು ಭಾವನ ಕಡೆ ತಿರುಗಿ ದನಿ ತಗ್ಗಿಸಿದ. "ಇಂಗ್ಲಿಷ್ ಮಾತ್ರೆ ಜೊತೆ ಬೇಡ ಭಾವ. ಪುಡಿ ಮುನಿಸ್ಕೊಳ್ಳುತ್ತೆ."

"ಪುಡಿಗೆ ಮುನಿಸು ಬೇರೆ! ಹೊಸ ಸೊಸೆ ನೋಡು," ಎಂದು ಅವಳು ಮೂಟೆಯ ಗಂಟು ಬಿಗಿದಳು. "ಇದನ್ನ ತಿಂದು ಈ ಮನೇಲಿ ಒಬ್ಬರು ಎದ್ದು ಓಡಿದ್ರೂ ಸಾಕು, ಆ ಕರಿ ಮರಿ ನಿಂದು. ಬಂದು ಹಿಡ್ಕೊಂಡು ಹೋಗು."

ಗಂಡ ಡಬ್ಬಿಯನ್ನು ಎರಡೂ ಕೈಯಲ್ಲಿ ಎದೆಗವಚಿ ಒಳಗೆ ಒಯ್ದ. ಅವನ ಆ ಭಕ್ತಿ ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

ಅವನು ಹೊಲದ ಕಡೆ ಹೋದಾಗ ಡಬ್ಬಿ ಬರಿದು ಮಾಡಿ, ಕಪ್ಪಗೆ ಹುರಿದು ಬೀಸಿದ ಹೊಟ್ಟನ್ನು ಅದಕ್ಕೆ ತುಂಬಿದಳು. ಕರಕಲಿನ ಕಹಿ ಮದ್ದಿನ ಕಹಿಗಿಂತ ಒಂದು ಕೈ ಮೇಲಿತ್ತು. ಅಸಲಿ ಪುಡಿಯನ್ನು ಎಸೆಯುವುದು ಅವಳ ಜಾಯಮಾನಕ್ಕೆ ಒಗ್ಗಲಿಲ್ಲ. ದಿನಕ್ಕೊಂದು ಚಮಚ ಸಾಹುಕಾರನ ಗಂಜಿಗೆ ಬೆರೆಸಿದಳು.

ಸಾಹುಕಾರ ಅಂದರೆ ಮನೆಯ ಮುದಿ ನಾಯಿ. ಹಿಂಗಾಲು ಸೆಡೆತು, ದೊಡ್ಡಿಯ ಬಾಗಿಲಲ್ಲಿ ಗೋಣಿಚೀಲದ ಮೇಲೆ ಮಲಗಿದಲ್ಲೇ ಊಟ ತರಿಸಿಕೊಳ್ಳುತ್ತಿದ್ದುದರಿಂದ ಆ ಹೆಸರು.

ಗಂಡ ಬೆಳಿಗ್ಗೆ ಅವಳೆದುರೇ ಪುಡಿ ನೆಕ್ಕಿ, ಚಮಚವನ್ನೂ ನೆಕ್ಕುತ್ತಿದ್ದ. ಅವಳು ಸೆರಗಿನಲ್ಲಿ ನಗುತ್ತಿದ್ದಳು. ಆಮೇಲೆ ಅವನು ಆಸ್ಪತ್ರೆಯ ಮಾತ್ರೆ, ರೊಟ್ಟಿ, ನೀರಿನ ತಂಬಿಗೆ ಹಿಡಿದು ದೊಡ್ಡಿಗೆ ಹೋಗುತ್ತಿದ್ದ. ಬರಿ ಹೊಟ್ಟೆಯಲ್ಲಿ ಮಾತ್ರೆ ಸೇರುವುದಿಲ್ಲ ಎಂದು ಅವನ ದೂರು. ಮಾತ್ರೆಯ ಹಾಳೆ ಖಾಲಿಯಾಗಿಯೇ ವಾಪಸು ಬರುತ್ತಿತ್ತು. ಅಷ್ಟು ಸಾಕಿತ್ತು ಅವಳಿಗೆ.

ಆದರೆ ಕೈಯ ಊತ ಇಳಿಯಲಿಲ್ಲ. ಬರಬರುತ್ತ ಊತ ಮೊಣಕಾಲಿಗೂ ಇಳಿಯಿತು; ಅಂಗಿಯ ಗುಂಡಿಯನ್ನೂ ಅವಳೇ ಹಾಕಬೇಕಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡಿ ಹುಬ್ಬು ಗಂಟಿಕ್ಕಿದರು. "ಮಾತ್ರೆ ತಪ್ಪಿಸ್ತಿಲ್ಲ ತಾನೆ?"

ಅವಳು ಖಾಲಿ ಹಾಳೆಗಳನ್ನು ಮೇಜಿನ ಮೇಲೆ ಸುರಿದಳು. "ಒಂದೂ ಉಳಿದಿಲ್ಲ, ನೋಡಿ."

"ಜೊತೆಗೆ ಬೇರೆ ಪುಡಿ, ಕಷಾಯ? ಏನಿದ್ರೂ ನನಗೆ ಹೇಳ್ಬೇಕು. ಬೈಯಲ್ಲ."

"ಏನೂ ಇಲ್ಲ," ಎಂದರು ಗಂಡ ಹೆಂಡತಿ ಒಟ್ಟಿಗೇ.

ಡಾಕ್ಟರಮ್ಮ ಮಾತ್ರೆ ಜಾಸ್ತಿ ಮಾಡಿ ಕಳಿಸಿದರು.

ಅದಾಗಿ ವಾರ ಕಳೆದಿರಲಿಲ್ಲ. ಒಂದು ಟಗರು ಬೇಲಿ ಹಾರಿತು. ಗಂಡ ಕೂಗುತ್ತ ಕುಂಟುತ್ತ ಹೊರಟ. ಅವನನ್ನು ದಾಟಿಕೊಂಡು ಏನೋ ಕಂದು ಬಣ್ಣದ್ದು ಬಾಣದಂತೆ ಹೋಯಿತು. ಟಗರನ್ನು ಸುತ್ತುಹಾಕಿ, ಬೊಗಳಿ, ತಂದು ಒಳಗೆ ಕೂಡಿಹಾಕಿತು.

ಸಾಹುಕಾರ!

ಹೆಂಡತಿ ಕೈಯಲ್ಲಿದ್ದ ಉಣ್ಣೆ ಹಾಗೇ ಬಿಟ್ಟು ನಿಂತಳು. ಜನ್ಮದಲ್ಲಿ ಮೊದಲ ಬಾರಿ ಅವಳಿಗೆ ತಮ್ಮನ ಬದಲು ತನ್ನ ಮೇಲೆ ಹೇಸಿಗೆಯಾಯಿತು. ಗಂಡನಿಗೆ ಹೊಟ್ಟು ತಿನ್ನಿಸಿ, ಸಂಜೀವಿನಿಯನ್ನು ನಾಯಿಗೆ ಸುರಿದಿದ್ದಳು.

ಮಾತಿಗೆ ತಪ್ಪುವವಳಲ್ಲ. ಮರುದಿನವೇ ತಮ್ಮನನ್ನು ಕರೆಸಿ ಕರಿ ಮರಿಯ ಹಗ್ಗ ಕೈಗಿಟ್ಟಳು.

ಅವನು ಬಾಯಿ ತೆರೆದ. "ಭಾವ ಎದ್ದು ಓಡಿದ್ರಾ?"

"ಎದ್ದವರು ಎದ್ರು. ಯಾರು ಅಂತ ಕೇಳ್ಬೇಡ. ಋಣ ತೀರ್ತು, ಹೊರಡು."

"ನಾನು ಅವತ್ತೇ ಅಂದಿರ್ಲಿಲ್ವಾ ಅಕ್ಕಾ..."

"ಹೊರಡೋ ಅಂದ್ನಲ್ಲ!"

ಅವನು ಎದೆಯುಬ್ಬಿಸಿ ಹೊರಟ. ಮರಿ ಅರಚುತ್ತ ತಿರುವು ದಾಟಿತು. ಅವಳು ಅಡಗಿಸಿಟ್ಟಿದ್ದ ಅಸಲಿ ಪುಡಿಯಲ್ಲಿ ಉಳಿದಿದ್ದಷ್ಟನ್ನೂ ಬಟ್ಟಲಿಗೆ ಬಳಿದುಕೊಂಡು ದೊಡ್ಡಿಯ ಕಡೆ ಓಡಿದಳು. ಎಲ್ಲವನ್ನೂ ಹೇಳಿಬಿಡುವುದು, ಬೈದರೆ ಬೈಸಿಕೊಳ್ಳುವುದು, ಇವತ್ತಿನಿಂದಲೇ ಅವನಿಗೆ ಶುರುಮಾಡುವುದು.

ಗಂಡ ಬಾಗಿಲಿಗೆ ಬೆನ್ನು ಹಾಕಿ ಗೋಣಿಚೀಲದ ಮೇಲೆ ಕೂತಿದ್ದ. ಮಡಚದ ಬೆರಳುಗಳಿಂದ ರೊಟ್ಟಿಯ ಚೂರೊಂದನ್ನು ಕಷ್ಟಪಟ್ಟು ಉಂಡೆ ಮಾಡುತ್ತಿದ್ದ. ಎದುರಿಗೆ ಸಾಹುಕಾರ ಬಾಲವಾಡಿಸುತ್ತ, ಇದು ದಿನದ ಮಾಮೂಲು ಎಂಬಂತೆ ಬಾಯಿ ತೆರೆದು ನಿಂತಿತ್ತು.

"ನುಂಗಪ್ಪ ಬೇಗ, ಅವಳು ಬಂದಾಳು. ಡಾಕ್ಟರಮ್ಮನ ಮಾತ್ರೆ ಅಷ್ಟೂ ನಿಂಗೆ. ನಂಗೆ ಪುಡಿ ಇದೆ."