ತಾರವ್ವನ ಪಂಪು

"ಆ ಪಂಪು ನಾಳಿಂದ ಮನ್ಯಾಗ ಇಟ್ಟು ಬರ್ರಿ," ಎಂದಳು ಸುಜಾತಾ. ಯೋಗದ ಕ್ಲಾಸಿಗೆ ಹೊಸದಾಗಿ ಬಂದ ಮಾಯಾ ಪ್ರಾಣಾಯಾಮದ ನಡುವೆಯೇ ಉಬ್ಬಸಕ್ಕೆ ಎಳೆದುಕೊಳ್ಳುವ ದಮ್ಮಿನ ಪಂಪು ತೆಗೆದು ಬಾಯಿಗಿಟ್ಟುಕೊಂಡಿದ್ದಳು.

ನಿಪ್ಪಾಣಿಯ ಆ ಸಮುದಾಯ ಭವನದಲ್ಲಿ ಕೂತ ಇಪ್ಪತ್ತು ಮಂದಿಯೂ ಬೀಡಿ ಕಟ್ಟುವ, ತಂಬಾಕು ಸೋಸುವ ಹೆಣ್ಣುಮಕ್ಕಳು. ದಮ್ಮು ಅವರಲ್ಲಿ ಯಾರನ್ನು ಬಿಟ್ಟಿದೆ! ಹೊಸಬರಿಗೆಲ್ಲ ಹೇಳುವ ಕತೆಯನ್ನೇ ಸುಜಾತಾ ಮಾಯಾಳಿಗೂ ಹೇಳಿದಳು. ಕೊಲ್ಲಾಪುರದಲ್ಲಿ ಒಂದು ತಿಂಗಳು ಯೋಗ ಕಲಿತು ಬಂದವಳು ಮೊದಲು ಎದುರಿಗೆ ಕೂರಿಸಿಕೊಂಡಿದ್ದು ತನ್ನ ತಾಯಿ ತಾರವ್ವನನ್ನು. ನಲವತ್ತೇ ದಿನ, ತಾರವ್ವ ಪಂಪು ಬಿಟ್ಟಳು. ಅದನ್ನು ಕಂಡೇ ತಾನು ಊರಿಗೆಲ್ಲ ಕಲಿಸಲು ನಿಂತಿದ್ದು. ಮರುವರ್ಷ ತಾಯಿ ತೀರಿಕೊಂಡಳು ನಿಜ. ಅದು ಹಾರ್ಟ್ ಫೇಲಾಗಿ ಎಂದು ಎಲ್ಲರೂ ಅಂದರು, ಸುಜಾತಾಳೂ ನಂಬಿದ್ದಳು.

ಮಾಯಾ ಪಂಪನ್ನು ಚೀಲಕ್ಕೆ ಹಾಕಿದಳು. ಆಗ ಅಕ್ಕುತಾಯಿ ಎದ್ದು ನಿಂತಳು. ತಾರವ್ವನ ಜೊತೆ ಮೂವತ್ತು ವರ್ಷ ಒಂದೇ ವಖಾರಿಯಲ್ಲಿ ತಂಬಾಕು ಸೋಸಿದವಳು, ಅವರ ಮನೆಯ ಹಿಂದಿನ ಓಣಿಯವಳು.

"ನಿಮ್ಮವ್ವ ಪಂಪು ಬಿಟ್ಟಿದ್ದಿಲ್ಲ, ಸುಜಾತಾ."

"ಏನಂತಿ ಮಾವಶಿ? ನಾ ಕಣ್ಣಾರೆ ನೋಡೀನಿ."

"ನಿನ್ನ ಮುಂದ ಬಿಟ್ಟಿದ್ಲು. ನಮ್ಮ ಮನ್ಯಾಗ ಇಟ್ಟಿದ್ಲು. ದಿನಾ ಮುಂಜಾನೆ, ಸಂಜಿಕ ಬಂದು ಎಳಕೊಂಡು ಹೋಗಾಕಿ. ಮಗಳು ಹೊಸದಾಗಿ ಕಲಸಾಕತ್ತಾಳ, ಮನಸ್ಸು ಮುರೀಬಾರದು ಅಂತಿದ್ಲು."

ತೀರಿಕೊಂಡ ದಿನ ಬೆಳಿಗ್ಗೆ ಉಸಿರು ಸಿಗದೆ ತಾಯಿ ಹಿಂದಿನ ಬಾಗಿಲ ಕಡೆಗೇ ಕೈ ಮಾಡುತ್ತಿದ್ದಳು. ಗಾಳಿ ಬೇಕಿರಬೇಕೆಂದು ಸುಜಾತಾ ಬಾಗಿಲು ತೆರೆದಿಟ್ಟಳು. ಆಮೇಲೆ ಬೆನ್ನು ಸವರುತ್ತ, ನಿಧಾನಕ್ಕೆ ಉಸಿರು ಬಿಡವ್ವಾ ಎಂದು ಕಡೆಯವರೆಗೂ ಪಾಠ ಹೇಳುತ್ತಲೇ ಇದ್ದಳು. ಯಾಕಾದರೂ ಇದನ್ನು ಕಲಿತೆನೋ ಎನಿಸಿತು.

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದಳು.

"ಹೇಳಿದ್ರ ಹೋದ ಜೀವ ಬರ್ತಿತ್ತೇನು? ಇವತ್ತ ಈಕಿ ಪಂಪು ಚೀಲಕ್ಕ ಹೋತು ನೋಡು, ತಡಕೊಳ್ಳಾಕ ಆಗಲಿಲ್ಲ."

ಸುಜಾತಾ ಮಾಯಾಳ ಚೀಲದಿಂದ ಪಂಪು ತೆಗೆದು ಅವಳ ಕೈಗೇ ಕೊಟ್ಟಳು. ಆಮೇಲೆ ಉಳಿದವರ ಕಡೆ ತಿರುಗಿದಳು.

"ನನ್ನ ಮಾತು ಕೇಳಿ ಪಂಪು ಬಿಟ್ಟೋರು ಎಷ್ಟ ಮಂದಿ ಅದೀರಿ? ಖರೇ ಹೇಳ್ರಿ."

ಪಂಪು ಬಿಟ್ಟೆನೆಂದು ಹೋದ ವಾರವಷ್ಟೇ ಎಲ್ಲರಿಗೂ ಪೇಢೆ ಹಂಚಿದ್ದ ಲಕ್ಷ್ಮಿಬಾಯಿ, ಸೊಂಟದ ಎಲೆಅಡಿಕೆ ಚಂಚಿ ಬಿಚ್ಚಿ ತನ್ನ ಪಂಪನ್ನು ಚಾಪೆಯ ಮೇಲಿಟ್ಟಳು. ಅವಳ ಹಿಂದಿನವಳ ಕೈಯೂ ಮೆಲ್ಲಗೆ ಸೊಂಟಕ್ಕೆ ಹೋಯಿತು.